ಕಾರವಾರ ಬಂದರು ಬೆಳೆಯದಿರಲು ಕೊಂಕಣಿಗರು, ಮೀನುಗಾರರು ಕಾರಣವೇ?

ಅಲ್ಲ. ‘ಕೊಂಕಣಿಗರ ಮನಸ್ಸೆಲ್ಲ ಗೋವಾ ಕಡೆ, ಮೀನುಗಾರರು ಎಲ್ಲದಕ್ಕೂ ಅಡ್ಡ’ ಎಂದು ಘಟ್ಟದ ಮೇಲಿನವರು ದೂರುತ್ತಾರೆ. ‘ಬೆಂಗಳೂರಿನವರಿಗೆ ನಾವು ಲೆಕ್ಕಕ್ಕೇ ಇಲ್ಲ’ ಎಂದು ಕರಾವಳಿಯವರು ತಿರುಗಿ ಬಯ್ಯುತ್ತಾರೆ. ಈ ಜಗಳ ನನಗೆ ನಿಜಕ್ಕೂ ಬೇಸರ ತರುತ್ತದೆ, ಏಕೆಂದರೆ ಮುಖ್ಯ ಕಾರಣ ರೈಲು ಹಳಿ.

1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದಾಗಿ ಇಲ್ಲಿನ ಹತ್ತಿಗೆ ಬೇಡಿಕೆ ಏರಿತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ, ಕಾರವಾರಗಳಲ್ಲಿ ಹಡಗು ಹತ್ತುತ್ತಿತ್ತು. ಕಾರವಾರಕ್ಕೆ ರೈಲು ತರುವ ಮಾತೂ ಆಗಲೇ ನಡೆದಿತ್ತು. ಆದರೆ 1880ರ ದಶಕದ ಕೊನೆಗೆ ಘಟ್ಟದಿಂದ ಹಳಿ ಇಳಿದದ್ದು ಪೋರ್ಚುಗೀಸರ ಕೈಲಿದ್ದ ಗೋವಾದ ಮುರಗಾಂವ್ ಬಂದರಿಗೆ. ಸರಕೂ ಆ ಕಡೆಗೇ ಹೊರಳಿತು. ಕರಾವಳಿಯನ್ನು ಒಳನಾಡಿಗೆ ಜೋಡಿಸಬೇಕಿದ್ದ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಪಶ್ಚಿಮಘಟ್ಟದ ಕಾಡಿನ ಪ್ರಶ್ನೆಯಲ್ಲಿ ದಶಕಗಳಿಂದ ಸಿಕ್ಕಿಕೊಂಡಿದೆ. ಒಳನಾಡಿಗೆ ನೇರ ರೈಲಿಲ್ಲದ ಬಂದರಿಗೆ ದೊಡ್ಡ ಸರಕು ಬರುವುದು ಕಷ್ಟ. ಇದರಲ್ಲಿ ಯಾರ ಮನೆಮಾತಿನ ಪಾತ್ರವೂ ಇಲ್ಲ.

ಮೀನುಗಾರರ ವಿರೋಧವೇನೋ ನಿಜ. 2020ರ ಜನವರಿಯಲ್ಲಿ ಕೇಂದ್ರದ ಸಾಗರಮಾಲಾ ಯೋಜನೆಯ ಬಂದರು ವಿಸ್ತರಣೆ ಕಾಮಗಾರಿಯ ವಿರುದ್ಧ ಅವರು ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಬೀದಿಗಿಳಿದರು. ಸೀಬರ್ಡ್ ನೌಕಾನೆಲೆಗಾಗಿ ಊರು, ದಡ ಬಿಟ್ಟುಕೊಟ್ಟವರ ನೋವು ಕಣ್ಣೆದುರೇ ಇರುವಾಗ, ದೋಣಿ ಎಳೆಯಲು, ಬಲೆ ಹರವಲು ಉಳಿದ ಮರಳೂ ಹೋದೀತೆಂಬ ಭಯ ಅವರದು. ಅದನ್ನು ಕನ್ನಡ ದ್ವೇಷ ಎನ್ನುವುದು ಅನ್ಯಾಯ. ಹೊನ್ನಾವರದ ಕಾಸರಕೋಡಿನಲ್ಲಿ, ಅಂಕೋಲಾದ ಕೇಣಿಯಲ್ಲಿ ಬಂದರು ಬೇಡವೆಂದು ನಿಂತ ಮೀನುಗಾರರೂ ಇದೇ ಭಯವನ್ನೇ ಹೇಳುತ್ತಾರೆ.