ಮನೆಯಲ್ಲಿ ಹಾಡುವ ಸ್ಲೈಡು ಶಾಲೆಯಲ್ಲಿ ಮೂಕವಾಗುವುದೇಕೆ?

ಗುರುಗಳೇ, ಶಾಲೆಯ ಕಂಪ್ಯೂಟರ್ ಹಾಳಾಗಿದೆಯೇ ಎಂದು ಕೇಳಿದ್ದೀರಿ. ಅದು ಸರಿಯಾಗಿಯೇ ಇದೆ. ನಿಮ್ಮ ಧ್ವನಿ ಮನೆಯಿಂದ ಶಾಲೆಗೆ ಬಂದೇ ಇಲ್ಲ, ಅಷ್ಟೇ.

ನೀವು ಬರೆದಿರುವುದು ಇಷ್ಟು: ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ, ಪವರ್‌ಪಾಯಿಂಟ್ 2007ರಲ್ಲಿ ಗೋಳಗುಮ್ಮಟದ ಬಗ್ಗೆ ಸ್ಲೈಡುಗಳನ್ನು ಮಾಡಿದ್ದೀರಿ. ಪಿಸುಗುಟ್ಟುವ ಗ್ಯಾಲರಿಯಲ್ಲಿ ಮೊಬೈಲಿನಿಂದ ಹಿಡಿದ ಪ್ರತಿಧ್ವನಿಯನ್ನು ಎಂಪಿ3 ಮಾಡಿ ಒಂದು ಸ್ಲೈಡಿಗೆ ಸೇರಿಸಿದ್ದೀರಿ. ಪೆನ್‌ಡ್ರೈವಿನಲ್ಲಿ ವಿಜಯಪುರದ ನಿಮ್ಮ ಶಾಲೆಗೆ ಒಯ್ದರೆ ಸ್ಪೀಕರ್ ಚಿತ್ರ ಕಾಣುತ್ತದೆ, ಒತ್ತಿದರೆ ಸದ್ದಿಲ್ಲ. ಮುಂದಿನ ವಾರ ಸಭಾಂಗಣದಲ್ಲಿ ಮೈಕ್‌ಸೆಟ್ಟಿಗೆ ಜೋಡಿಸಿ ತೋರಿಸಬೇಕು.

ನಾನು ಬಾಗಲಕೋಟೆಯ ನವನಗರದಲ್ಲಿ ಸಭೆ ಸಮಾರಂಭಗಳಿಗೆ ಪ್ರೊಜೆಕ್ಟರ್, ಮೈಕ್‌ಸೆಟ್ ಬಾಡಿಗೆಗೆ ಕೊಡುವವನು. ಈ ಮೂಕ ಸ್ಲೈಡುಗಳನ್ನು ಬಹಳ ನೋಡಿದ್ದೇನೆ.

ಪವರ್‌ಪಾಯಿಂಟ್ 2007 ಮತ್ತು ಅದಕ್ಕಿಂತ ಹಳೆಯವು ಎಂಪಿ3 ಫೈಲನ್ನು ತಮ್ಮ ಹೊಟ್ಟೆಯೊಳಗೆ ಇಟ್ಟುಕೊಳ್ಳುವುದಿಲ್ಲ. ಡಬ್ಲ್ಯೂಎವಿ ಎಂಬ ಇನ್ನೊಂದು ಬಗೆಯ ಧ್ವನಿ ಫೈಲನ್ನು ಮಾತ್ರ ಇಟ್ಟುಕೊಳ್ಳುತ್ತವೆ, ಅದೂ ನೀವು ಮಿತಿಯನ್ನು ಬದಲಿಸದಿದ್ದರೆ 100 ಕೆಬಿಯವರೆಗೆ. ಎಂಪಿ3 ಆದರೆ ಅದು ಎಲ್ಲಿದೆ ಎಂಬ ವಿಳಾಸವನ್ನಷ್ಟೇ ಬರೆದುಕೊಳ್ಳುತ್ತವೆ. ಮನೆಯಲ್ಲಿ ಆ ಫೋಲ್ಡರ್ ಇದೆ, ಹಾಡುತ್ತದೆ. ಶಾಲೆಯಲ್ಲಿ ಆ ವಿಳಾಸ ಹುಡುಕುವುದೆಂದರೆ ಮುಳುಗಡೆಯಾದ ಹಳೇ ಬಾಗಲಕೋಟೆಯ ಓಣಿಗೆ ಪತ್ರ ಹಾಕಿದಂತೆ. 2010ರ ಆವೃತ್ತಿಯಿಂದ ಈಚೆಗೆ ಧ್ವನಿ ತಾನಾಗಿ ಒಳಗೇ ಸೇರುತ್ತದೆ.

ನನ್ನ ಮಾತನ್ನು ಹಾಗೆಯೇ ನಂಬಬೇಡಿ, ಪರೀಕ್ಷಿಸಿ. ನಿಮ್ಮ ಪಿಪಿಟಿಎಕ್ಸ್ ಫೈಲಿನ ಒಂದು ನಕಲು ಮಾಡಿ, ಹೆಸರಿನ ಕೊನೆಯ ಪಿಪಿಟಿಎಕ್ಸ್ ಅಳಿಸಿ ಜಿಪ್ ಎಂದು ಬರೆಯಿರಿ. ತೆರೆದರೆ ಪಿಪಿಟಿ ಎಂಬ ಫೋಲ್ಡರ್, ಅದರೊಳಗೆ ಮೀಡಿಯಾ ಎಂಬುದು ಸಿಗುತ್ತದೆ. ಅಲ್ಲಿ ಗುಮ್ಮಟದ ಫೋಟೋಗಳಷ್ಟೇ ಇದ್ದು ಎಂಪಿ3 ಇಲ್ಲದಿದ್ದರೆ ಧ್ವನಿ ಒಳಗಿಲ್ಲವೆಂದೇ ಅರ್ಥ.

ಶಾಲೆಯಲ್ಲಿ 2010 ಅಥವಾ ಹೊಸ ಆವೃತ್ತಿ ಇದ್ದರೆ ಕೆಲಸ ಸುಲಭ. ಎಂಪಿ3 ಫೈಲನ್ನೂ ಪೆನ್‌ಡ್ರೈವಿನಲ್ಲಿ ಒಯ್ಯಿರಿ, ಹಳೆಯ ಸ್ಪೀಕರ್ ಚಿತ್ರವನ್ನು ಅಳಿಸಿ ಅಲ್ಲಿಯೇ ಹೊಸದಾಗಿ ಸೇರಿಸಿ, ಉಳಿಸಿ. ಫೈಲು ಹಳೆಯ ಪಿಪಿಟಿ ರೂಪದಲ್ಲಿದ್ದರೆ ಮೊದಲು ಪಿಪಿಟಿಎಕ್ಸ್ ಮಾಡಿಕೊಳ್ಳಿ. ಅಲ್ಲಿಯೂ 2007 ಇದ್ದರೆ, ಹೊಸ ಫೋಲ್ಡರ್ ಮಾಡಿ ಸ್ಲೈಡು, ಧ್ವನಿ ಎರಡನ್ನೂ ಅದರಲ್ಲಿ ಇಟ್ಟು, ಆಮೇಲೆ ಅಲ್ಲಿಂದಲೇ ಧ್ವನಿಯನ್ನು ಸ್ಲೈಡಿಗೆ ಸೇರಿಸಿ. ಈ ಕ್ರಮ ತಪ್ಪಿಸಬೇಡಿ. ಒಯ್ಯುವಾಗ ಇಡೀ ಫೋಲ್ಡರನ್ನೇ ಒಯ್ಯಿರಿ.

ಇನ್ನು ಸಭಾಂಗಣದ ದಿನ. ಎಚ್‌ಡಿಎಂಐ ವೈರ್ ಚುಚ್ಚಿದೊಡನೆ ವಿಂಡೋಸ್ ಹಲವು ಸಲ ಧ್ವನಿಯನ್ನೂ ಪ್ರೊಜೆಕ್ಟರ್ ಕಡೆಗೆ ಕಳಿಸಿಬಿಡುತ್ತದೆ. ಪ್ರೊಜೆಕ್ಟರಿನ ಸ್ಪೀಕರ್ ಇದ್ದರೂ ಸಣ್ಣದು, ಹಿಂದಿನ ಸಾಲಿಗೆ ಏನೂ ಕೇಳಿಸದು. ಗಡಿಯಾರದ ಪಕ್ಕದ ಸ್ಪೀಕರ್ ಗುರುತನ್ನು ಒತ್ತಿ ಲ್ಯಾಪ್‌ಟಾಪಿನ ಸ್ಪೀಕರನ್ನು ಆಯ್ಕೆ ಮಾಡಿ. ಆಗಲೂ ಬಾರದಿದ್ದರೆ ಪವರ್‌ಪಾಯಿಂಟ್ ಮುಚ್ಚಿ ಮತ್ತೆ ತೆರೆಯಿರಿ. ಹಳೆಯ ನೀಲಿ ವಿಜಿಎ ವೈರ್ ಧ್ವನಿಯನ್ನು ಒಯ್ಯುವುದೇ ಇಲ್ಲ, ಆ ತಂಟೆ ಇಲ್ಲ.

ನಿಮ್ಮ ವಿಷಯದಲ್ಲಿ ನನಗೆ ಹೆಚ್ಚು ಭಯವಿರುವುದು ಮೈಕ್‌ಸೆಟ್ಟಿನ ಪಿನ್ನಿನ ಬಗ್ಗೆ. ಒಮ್ಮೆ ಬಸವ ಜಯಂತಿಗೆ ನಾನೇ ವೈರ್ ಹಚ್ಚಿದ್ದೆ. ಸ್ಲೈಡಿನಲ್ಲಿ ವಚನ ಗಾಯನ ಶುರುವಾಯಿತು. ತಬಲಾ ಕೇಳುತ್ತದೆ, ತಂಬೂರಿ ಕೇಳುತ್ತದೆ, ಹಾಡುವವರ ದನಿ ಮಾತ್ರ ಎಲ್ಲೋ ಬಾವಿಯೊಳಗೆ! ಮುಂದಿನ ಸಾಲಿನ ಹಿರಿಯರೊಬ್ಬರು, ‘ಕಾಕಾ, ವಚನ ಯಾವಾಗ ಬರುತ್ತದೆ?’ ಎಂದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು ಕಾಕಾ ಎಂದರೆ ಅದು ಮರ್ಯಾದೆಯಲ್ಲ.

ಆದದ್ದಿಷ್ಟು. ಲ್ಯಾಪ್‌ಟಾಪಿನಿಂದ ಬರುವ ವೈರಿನಲ್ಲಿ ಎಡ, ಬಲ ಎಂದು ಎರಡು ಧ್ವನಿ ಇರುತ್ತವೆ. ಆ ಪಿನ್ನನ್ನು ಹಾಗೆಯೇ ಮಿಕ್ಸರಿನ, ಅಂದರೆ ಮೈಕ್‌ಸೆಟ್ಟಿನಲ್ಲಿ ಧ್ವನಿಗಳನ್ನು ಕೂಡಿಸುವ ಪೆಟ್ಟಿಗೆಯ, ಒಂದೇ ಬ್ಯಾಲೆನ್ಸ್ಡ್ ತೂತಿಗೆ (ಒಂದೇ ಧ್ವನಿಯನ್ನು ಎರಡು ತಂತಿಗಳಲ್ಲಿ ತೆಗೆದುಕೊಳ್ಳುವ ತೂತಿಗೆ) ಚುಚ್ಚಿದರೆ ಅದು ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಎರಡೂ ಕಡೆ ಒಂದೇ ಸಮ ಇರುವುದು ಶೂನ್ಯವಾಗುತ್ತದೆ. ಗಾಯಕರ ದನಿಯನ್ನು ಸಾಮಾನ್ಯವಾಗಿ ನಡುವೆ ಇಟ್ಟಿರುತ್ತಾರೆ, ಅದಕ್ಕೇ ಅದು ಮಾಯ. ಮೊಬೈಲಿನ ಧ್ವನಿಮುದ್ರಣ ಬಹಳ ಸಲ ಎರಡೂ ಕಡೆ ಒಂದೇ ಆಗಿರುತ್ತದೆ. ನಿಮ್ಮ ಪ್ರತಿಧ್ವನಿ ಹಾಗಿದ್ದರೆ ಪೂರ್ತಿ ಅಳಿಸಿಹೋಗುತ್ತದೆ, ನೀವು ಮತ್ತೆ ಸ್ಲೈಡನ್ನೇ ಬೈಯುತ್ತೀರಿ. ಒಂದು ತುದಿಗೆ ಸಣ್ಣ ಪಿನ್, ಇನ್ನೊಂದು ತುದಿಗೆ ಎರಡು ಕವಲು ಇರುವ ವೈರ್ ತರಲು ಮೈಕ್‌ಸೆಟ್ಟಿನವರಿಗೆ ಇವತ್ತೇ ಹೇಳಿ. ಎರಡು ಕವಲುಗಳನ್ನು ಬೇರೆ ಬೇರೆ ಚಾನೆಲ್ಲಿಗೆ ಹಾಕಲಿ. ಅದು ಸಿಗದಿದ್ದರೆ ಪಿನ್ನನ್ನು ಅರ್ಧ ಚುಚ್ಚಿ ನೋಡುವವರಿದ್ದಾರೆ. ಕೆಲವೊಮ್ಮೆ ಸದ್ದು ಬರುತ್ತದೆ, ಆದರೆ ಯಾರಾದರೂ ವೈರ್ ತುಳಿದರೆ ಮುಗಿಯಿತು.

ಗ್ಯಾಲರಿಯಲ್ಲಿ ಪ್ರವಾಸದ ಮಕ್ಕಳ ಕೂಗಿನ ನಡುವೆ ಹಿಡಿದ ಧ್ವನಿ ಕ್ಷೀಣವಾಗಿದ್ದರೆ, ಅಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಏರಿಸಿಕೊಳ್ಳಬಹುದು. ಕೂಗೂ ಅದರ ಜೊತೆಗೇ ಏರುತ್ತದೆ. ಊರು ನಿಮ್ಮದೇ ಆದ್ದರಿಂದ ಒಂದು ದಿನ ಬೆಳಗ್ಗೆ ಬೇಗ ಹೋಗಿ ಹೊಸದಾಗಿ ಹಿಡಿಯುವುದೇ ವಾಸಿ ಎನ್ನುತ್ತೇನೆ.

ಲ್ಯಾಪ್‌ಟಾಪ್ ಚಾರ್ಜರಿಗೆ ಹಚ್ಚಿದಾಗ ಮೈಕ್‌ಸೆಟ್ಟಿನಲ್ಲಿ ಗುಂಯ್ ಎಂಬ ಸದ್ದು ಬಂದರೆ ಚಾರ್ಜರ್ ಕಿತ್ತು ನೋಡಿ, ಸಾಮಾನ್ಯವಾಗಿ ನಿಲ್ಲುತ್ತದೆ. ಹಾಗಾಗಿ ಬ್ಯಾಟರಿ ತುಂಬಿಸಿಕೊಂಡೇ ಹೋಗಿ.