ಭಾರತದ ಕಿರಿಯರ ಫುಟ್‌ಬಾಲ್ ತಂಡ ವಿಶ್ವಕಪ್‌ನಲ್ಲಿ ಆಡಿದೆಯೇ, ಏನಾದರೂ ಗೆದ್ದಿದೆಯೇ?

ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ ಚೆಂಡು ಒದೆಯುವ ಹುಡುಗರೂ ಆಗಾಗ ಕೇಳುವ ಈ ಪ್ರಶ್ನೆಗೆ ಉತ್ತರ ಹೌದು. ಆದರೆ ಆಡಿದ್ದು ಒಂದು ತಂಡ, ಗೆದ್ದದ್ದು ಇನ್ನೊಂದು.

17 ವರ್ಷದೊಳಗಿನವರ ತಂಡವು 2017ರಲ್ಲಿ, ಅರ್ಹತಾ ಸುತ್ತಿನ ಮೂಲಕವಲ್ಲ, ಆತಿಥೇಯ ರಾಷ್ಟ್ರವೆಂಬ ಕಾರಣದಿಂದ ವಿಶ್ವಕಪ್ ಪ್ರವೇಶಿಸಿತು. ದೆಹಲಿಯಲ್ಲಿ ಅಮೆರಿಕದೆದುರು 0-3, ಕೊಲಂಬಿಯಾದೆದುರು 1-2, ಘಾನಾದೆದುರು 0-4ರಿಂದ ಸೋತು ಗುಂಪು ಹಂತದಲ್ಲೇ ಹೊರಬಿತ್ತು. ಆದರೂ ಕೊಲಂಬಿಯಾ ವಿರುದ್ಧದ ಪಂದ್ಯದ 82ನೇ ನಿಮಿಷದಲ್ಲಿ ಬೆಂಗಳೂರಿನ ಸಂಜೀವ್ ಸ್ಟಾಲಿನ್ ಕಾರ್ನರ್‌ನಿಂದ ಕಳಿಸಿದ ಚೆಂಡನ್ನು ಮಣಿಪುರದ ಜೀಕ್ಸನ್ ಸಿಂಗ್ ತಲೆಯಿಂದ ಗುರಿ ಮುಟ್ಟಿಸಿದ್ದು, ಫಿಫಾ ವಿಶ್ವಕಪ್ ಟೂರ್ನಿಯೊಂದರಲ್ಲಿ ಭಾರತದ ಮೊದಲ ಗೋಲಾಗಿ ದಾಖಲಾಯಿತು. ಆ ಸಂಭ್ರಮ ಮುಗಿಯುವ ಮೊದಲೇ ಕೊಲಂಬಿಯಾ ಮತ್ತೆ ಗೋಲು ಹೊಡೆಯಿತೆಂಬುದು ಬೇರೆ ಮಾತು.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಸಾಧನೆ 1974ರದು. ಆ ವರ್ಷ ಬ್ಯಾಂಕಾಕ್‌ನಲ್ಲಿ ನಡೆದ ಏಷ್ಯನ್ ಯುವ ಚಾಂಪಿಯನ್‌ಷಿಪ್‌ನ ಫೈನಲ್ ಇರಾನ್ ಎದುರು 2-2ರಲ್ಲಿ ಸಮವಾಗಿ, ಶಬ್ಬೀರ್ ಅಲಿ ನಾಯಕತ್ವದ ಭಾರತ ಪ್ರಶಸ್ತಿಯನ್ನು ಹಂಚಿಕೊಂಡಿತು. ಈಚಿನ ವರ್ಷಗಳಲ್ಲಿ ಅದಕ್ಕೆ ಸಮೀಪ ಬಂದದ್ದೆಂದರೆ 2018: 16 ವರ್ಷದೊಳಗಿನವರು ಏಷ್ಯಾ ಮಟ್ಟದ ಕ್ವಾರ್ಟರ್ ಫೈನಲ್ ತಲುಪಿ ದಕ್ಷಿಣ ಕೊರಿಯಾಗೆ 0-1ರಿಂದ ಮಣಿದರು, ಅದೇ ವರ್ಷ ಸ್ಪೇನ್‌ನ ಕೋಟಿಫ್ ಟೂರ್ನಿಯಲ್ಲಿ 20 ವರ್ಷದೊಳಗಿನವರು ಅರ್ಜೆಂಟೀನಾವನ್ನು 2-1ರಿಂದ ಸೋಲಿಸಿದರು.