ವೃದ್ಧಾಶ್ರಮದ ಹೆಸರು ಆಮೇಲೆ, ಮೊದಲು ಇದನ್ನು ನೋಡಿ

ಪ್ರಶ್ನೆ: ಅಮ್ಮನಿಗೆ 81 ವರ್ಷ. ಒಬ್ಬರೇ ಇದ್ದಾರೆ. ಈಚೆಗೆ ಎರಡು ಸಲ ಬಿದ್ದರು. ಒಳ್ಳೆಯ ವೃದ್ಧಾಶ್ರಮ ಇದ್ದರೆ ಹೇಳಿ.

ಉತ್ತರ: ಹೇಳುವುದಿಲ್ಲ. ಬರುವ ಪತ್ರಗಳಲ್ಲಿ ಅರ್ಧ ಇದೇ. ವಯಸ್ಸು ಬರೆದಿರುತ್ತಾರೆ, ಬೇಕಾದದ್ದು ಮಾತ್ರ ಇರುವುದಿಲ್ಲ. ಅಮ್ಮ ತಾವೇ ಸ್ನಾನ ಮಾಡುತ್ತಾರಾ? ಬಟ್ಟೆ ಹಾಕಿಕೊಳ್ಳುತ್ತಾರಾ? ಟಾಯ್ಲೆಟ್‌ಗೆ ಹೋಗಿ ಬರುತ್ತಾರಾ? ಹಾಸಿಗೆಯಿಂದ ಏಳಲು ಕೈ ಹಿಡಿಯಬೇಕಾ? ಮಲಮೂತ್ರದ ಹಿಡಿತ ಇದೆಯಾ? ತಾವೇ ಊಟ ಮಾಡುತ್ತಾರಾ? ವಯಸ್ಸಾದವರು ತಮ್ಮ ಕೆಲಸ ತಾವೇ ಎಷ್ಟು ಮಾಡಿಕೊಳ್ಳುತ್ತಾರೆ ಅಂತ ಅಳೆಯಲು ಸಿಡ್ನಿ ಕಾಟ್ಜ್ ಎಂಬ ವೈದ್ಯರು ಮತ್ತು ಜೊತೆಗಾರರು 1963ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿರುವುದು ಈ 6 ಕೆಲಸಗಳೇ. ಇವತ್ತಿಗೂ ಅದೇ ಪಟ್ಟಿ ಬಳಕೆಯಲ್ಲಿದೆ. ಆರೂ ಆಗುತ್ತಿದ್ದು, ಮಾತ್ರೆ, ಅಡುಗೆ, ದುಡ್ಡಿನ ಲೆಕ್ಕ ಮಾತ್ರ ತಪ್ಪುತ್ತಿದ್ದರೆ ಮನೆಗೇ ಒಬ್ಬರು ಬಂದು ಹೋದರೂ ಸಾಕಾಗಬಹುದು. ಎಬ್ಬಿಸಲು ಇಬ್ಬರು ಬೇಕು ಅನ್ನುವ ಹಾಗಿದ್ದರೆ, ಹಗಲೂ ರಾತ್ರಿ ನರ್ಸ್ ಇರುವ ಜಾಗವನ್ನೇ ನೋಡಿ.

ಅಂದ ಹಾಗೆ, ಅಮ್ಮ ಯಾಕೆ ಬಿದ್ದರು ಅಂತ ಯಾರಾದರೂ ನೋಡಿದಿರಾ? ನಿದ್ದೆ ಮಾತ್ರೆ, ಬಿಪಿ ಮಾತ್ರೆ, ಕಣ್ಣಿನ ಪೊರೆ, ಕತ್ತಲಲ್ಲಿ ಟಾಯ್ಲೆಟ್‌ಗೆ ಓಡುವುದು... ಕಾರಣ ಇವುಗಳಲ್ಲೇ ಇದ್ದರೆ ಹೊಸ ಜಾಗದಲ್ಲೂ ಬೀಳುತ್ತಾರೆ. ಮೊದಲು ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಡಾಕ್ಟರ ಮುಂದೆ ಸುರಿಯಿರಿ.

ಇನ್ನು ಜಾಗ ನೋಡುವುದು. ಎಲ್ಲರೂ ಭಾನುವಾರ ಬೆಳಿಗ್ಗೆ ಹೋಗಿ, ಹೂಗಿಡ, ದೊಡ್ಡ ಟಿವಿ ನೋಡಿ ಖುಷಿಯಾಗಿ ಬರುತ್ತಾರೆ. ನೀವು ರಾತ್ರಿ ಊಟ ಮುಗಿದ ಮೇಲೆ ಹೋಗಿ. ಬಿಡುವುದಿಲ್ಲ ಅಂದರೆ ಅದೇ ನಿಮಗೆ ಉತ್ತರ. ಮಂಚದ ಹತ್ತಿರದ ಬೆಲ್ ನೋಡಿ. ಎಷ್ಟೋ ಕಡೆ ಅದರ ವೈರನ್ನು ಸುತ್ತಿ ಗೋಡೆಯ ಮೊಳೆಗೆ ಸಿಕ್ಕಿಸಿರುತ್ತಾರೆ, ಮಲಗಿದವರ ಕೈಗೆ ಎಟುಕುವುದಿಲ್ಲ. ಎಟುಕಿದರೆ ಕೇಳಿಕೊಂಡು ಒಂದು ಸಲ ಒತ್ತಿ, ಯಾರಾದರೂ ಎಷ್ಟು ಹೊತ್ತಿಗೆ ಬರುತ್ತಾರೆ ನೋಡಿ. ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರುತ್ತಾರೆ, ಒಬ್ಬರನ್ನು ಟಾಯ್ಲೆಟ್‌ಗೆ ಕರೆದುಕೊಂಡು ಹೋದಾಗ ಉಳಿದವರನ್ನು ಯಾರು ನೋಡುತ್ತಾರೆ ಅಂತ ಕೇಳಿ.

ಸಹಿ ಹಾಕುವ ಮುಂಚೆ ಕರಾರನ್ನು ಪೂರ್ತಿ ಓದಿ. ಅಮ್ಮ ಹಾಸಿಗೆ ಹಿಡಿದರೆ ಇಟ್ಟುಕೊಳ್ಳುತ್ತಾರಾ, ಇಲ್ಲ ವಾಪಸ್ ಕರೆದುಕೊಂಡು ಹೋಗಿ ಅನ್ನುತ್ತಾರಾ? ಆಸ್ಪತ್ರೆಯಲ್ಲಿರುವ ದಿನಗಳಿಗೂ ಬಾಡಿಗೆ ಕೊಡಬೇಕಾ? ಡೆಪಾಸಿಟ್ ಯಾವಾಗ ವಾಪಸ್? ‘ಕೊನೇವರೆಗೂ ನೋಡ್ಕೋತೀವಿ’ ಅನ್ನುವುದು ಬಾಯಿಮಾತು, ಕಾಗದದಲ್ಲಿ ಹಾಕಿಸಿ. ಮನೆ ಮಾರಿ ದುಡ್ಡು ಕಟ್ಟುವ ಆತುರವಂತೂ ಬೇಡವೇ ಬೇಡ. ಮೊದಲು ಒಂದೆರಡು ವಾರ ಅಲ್ಲಿ ಇದ್ದು ನೋಡಲಿ.

ಪ್ರಶ್ನೆ: ಅಪ್ಪನಿಗೆ ಅಲ್ಜೈಮರ್ಸ್. ಒಂದು ಕೇಂದ್ರದವರು ಎಣ್ಣೆ ಚಿಕಿತ್ಸೆಯಿಂದ ಪೂರ್ತಿ ವಾಸಿ ಮಾಡುತ್ತೇವೆ ಅನ್ನುತ್ತಾರೆ.

ಉತ್ತರ: ಹಸಿ ಸುಳ್ಳು. ಇದನ್ನು ವಾಸಿ ಮಾಡುವ ಔಷಧ ಇನ್ನೂ ಬಂದಿಲ್ಲ. ‘ನಮ್ಮಲ್ಲಿ ಬಂದವರು ಗಲಾಟೆ ಮಾಡದೆ ಸುಮ್ನೆ ಇರ್ತಾರೆ’ ಅನ್ನುವವರ ಹತ್ತಿರವೂ ಹುಷಾರು. ಸುಮ್ಮನಿರಿಸಲು ಯಾವ ಮಾತ್ರೆ ಕೊಡುತ್ತಾರೆ ಅಂತ ಬರೆಸಿಕೊಳ್ಳಿ. ಮರೆವಿನ ಕಾಯಿಲೆಯ ವಯಸ್ಸಾದವರಿಗೆ ಮನೋರೋಗದ ಕೆಲವು ಮಾತ್ರೆಗಳು ಸಾವಿನ ಅಪಾಯ ಹೆಚ್ಚಿಸುತ್ತವೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ.

ಪ್ರಶ್ನೆ: ನಾವು ನೋಡಿದ ವೃದ್ಧಾಶ್ರಮದಲ್ಲಿ ಎಲ್ಲ ಕಡೆ ಸಿಸಿಟಿವಿ ಇದೆ, ಸಾಕಲ್ವಾ?

ಉತ್ತರ: ಸಾಲದು. ಬಿದ್ದವರನ್ನು ಎತ್ತಲು ಜನ ಬೇಕು.

ಪ್ರಶ್ನೆ: ಟೂರ್ ಅಂತ ಹೇಳಿ ಮಾವನನ್ನು ವೃದ್ಧಾಶ್ರಮದಲ್ಲಿ ಬಿಟ್ಟು ಬರಬಹುದಾ? ಬುದ್ಧಿ ಚುರುಕಾಗಿಯೇ ಇದೆ, ಹೇಳಿದರೆ ಒಪ್ಪುವುದಿಲ್ಲ.

ಉತ್ತರ: ಬುದ್ಧಿ ಚುರುಕಾಗಿದೆ ಅಂತ ನೀವೇ ಬರೆದಿದ್ದೀರಿ. ಹಾಗಿದ್ದ ಮೇಲೆ ತೀರ್ಮಾನ ಅವರದ್ದು. ಎರಡು ಮೂರು ಜಾಗ ತೋರಿಸಿ, ಬೇಡ ಅಂದರೆ ಯಾಕೆ ಅಂತ ಕೇಳಿ.